ಕಟಿಂಗ್ ಮಷೀನಿನ ಜೊತೆ ಇನ್ನೇನು ಬೇಕು

ಹೊಸದಾಗಿ ಕಟಿಂಗ್ ಮಷೀನು ತರಿಸಿಕೊಂಡ ಹುಡುಗಿಯರು ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: ಇದರ ಜೊತೆ ಇನ್ನೇನು ಬೇಕು? ಮಷೀನು ಬಂದರೆ ಎಲ್ಲ ಬಂದಂತೆ ಎಂದುಕೊಂಡಿರುತ್ತಾರೆ. ಫೋನಿನ ವಿಡಿಯೊದಲ್ಲಿ ಯಾವಳೋ ಉಗುರಿಗೆ ಬಣ್ಣ ಹಚ್ಚಿದ ಬೆರಳಿನಿಂದ ಒಂದು ಬಟನ್ ಒತ್ತಿರುತ್ತಾಳೆ. ಕಾಗದದ ಹೂವು, ಚಿಟ್ಟೆ, ಸ್ಟಿಕ್ಕರಿನ ಹೆಸರು ಎಲ್ಲ ತಾವಾಗಿ ಕತ್ತರಿಸಿಕೊಂಡು ಹೊರಗೆ ಬಂದಿರುತ್ತವೆ. ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಮನೆಯಲ್ಲಿ ಅದೇ ಕೆಲಸ ಹೇಗೆ ನಡೆಯುತ್ತದೆ ಎಂದು ಆ ವಿಡಿಯೊದವಳಿಗೆ ಏನು ಗೊತ್ತು? ನನಗೆ ಗೊತ್ತು, ಹೇಳುತ್ತೇನೆ. ಹೇಳುವಾಗ ಸಿಟ್ಟೂ ಬರುತ್ತದೆ. ಈ ಸಾಮಾನು ಒಂದೊಂದನ್ನೂ ಬಳಸಲು ನಾನು ಕಲಿತದ್ದು ಒಂದು ಮದುವೆಗಾಗಿ, ಆ ಮದುವೆ ನನಗೆ ಇಂದಿಗೂ ಜೀರ್ಣವಾಗಿಲ್ಲ.

ಮದುವೆ ನನ್ನ ಮಗಳದಲ್ಲ. ನನಗೆ ಮಕ್ಕಳಿಲ್ಲ. ನನ್ನ ಗಂಡನ ಅಣ್ಣನ ಮಗಳದು. ಮನೆ ಒಂದೇ, ಅಡುಗೆ ಒಂದೇ. ಭಾವನವರು ಹತ್ತಿ ವ್ಯಾಪಾರಿ. ನನ್ನ ಗಂಡ ಅವರ ಜೊತೆಯಲ್ಲೇ ಮಾರ್ಕೆಟ್ ಯಾರ್ಡಿನಲ್ಲಿ ತೂಕ ನೋಡಿಕೊಳ್ಳುತ್ತಿದ್ದವರು, ಒಂದು ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಗ ಆ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಮನೆಯ ಮಾತು ಕನ್ನಡವಾದರೂ ಶಾಲೆಯದು ತೆಲುಗು, ಹಾಗಾಗಿ ನಾನು ಅವಳಿಗೆ ಚಿಗವ್ವ ಆಗಲಿಲ್ಲ, ಪಿನ್ನಿ ಆದೆ. ಜಡೆ ಹಾಕುವುದು, ಊಟದ ಡಬ್ಬಿ ಕಟ್ಟುವುದು, ಪರೀಕ್ಷೆಯ ದಿನ ಬಾಗಿಲವರೆಗೆ ಹೋಗಿ ಕಳಿಸುವುದು ಎಲ್ಲ ನನ್ನದೇ. ಬಾಗಿಲವರೆಗೆ ಮಾತ್ರ. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ನಾನು ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥಮಾಡಿಕೊಂಡು ಹಿಂದೆ ನಿಲ್ಲುತ್ತಿದ್ದೆ.

ಅವಳ ತಾಯಿಯನ್ನು ನಾನು ಅಕ್ಕ ಎನ್ನುತ್ತೇನೆ. ಕೆಟ್ಟ ಹೆಂಗಸಲ್ಲ. ಊಟಕ್ಕೆ ನನ್ನನ್ನು ಬಿಟ್ಟು ಕೂತವಳಲ್ಲ. ಹಬ್ಬಕ್ಕೆ ಸೀರೆ ತರುವಾಗ ನನಗೂ ತರುತ್ತಿದ್ದಳು, ಬಣ್ಣ ಮಾತ್ರ ತಾನೇ ಆರಿಸುತ್ತಿದ್ದಳು. ನಮ್ಮದು ವಿಭೂತಿ ಹಚ್ಚುವ ಮನೆ. ಅದು ನನ್ನ ಹಣೆಯ ಮೇಲೆ ಉಳಿಯಿತು, ಅದರ ಕೆಳಗಿನ ಕುಂಕುಮ ಹೋಯಿತು. ಹಣೆಯನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ನೋಡುತ್ತಾರೆ, ಮೊದಲು ನೋಡುವುದೇ ಅದನ್ನು.

ಮಷೀನು ತರಿಸಿದ್ದು ಹುಡುಗಿಯೇ. ಡಿಗ್ರಿ ಮುಗಿಸಿ, ಸಂಬಂಧ ನೋಡುತ್ತಿದ್ದ ದಿನಗಳಲ್ಲಿ ಹೊತ್ತು ಹೋಗದೆ ಫೋನಿನಲ್ಲಿ ಹುಡುಕಿ ಆರ್ಡರ್ ಮಾಡಿದಳು. ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಮಷೀನು, ಒಂದು ವೈರು, ಒಂದು ಬ್ಲೇಡು, ಮೇಲೆ ಅಂಟು ಬಳಿದ ಒಂದು ಪ್ಲಾಸ್ಟಿಕ್ ಹಾಳೆ. ಅದಕ್ಕೆ ಮ್ಯಾಟ್ ಎನ್ನುತ್ತಾರೆ. ಕಾಗದವನ್ನಾಗಲಿ ಸ್ಟಿಕ್ಕರನ್ನಾಗಲಿ ಅದರ ಮೇಲೆ ಅಂಟಿಸಿ ಮಷೀನಿನ ಬಾಯಿಗೆ ಕೊಡಬೇಕು. ಅಂಟು ಹಿಡಿದುಕೊಂಡಿದ್ದರೆ ಬ್ಲೇಡು ನೇರ ಓಡುತ್ತದೆ, ಇಲ್ಲದಿದ್ದರೆ ಕಾಗದ ಜಾರಿ ಎಲ್ಲ ಹರಿದುಹೋಗುತ್ತದೆ. ಮ್ಯಾಟಿನ ಮೇಲೆ ತೆಳುವಾದ ಮುಚ್ಚುಹಾಳೆ ಇರುತ್ತದೆ. ಹುಡುಗಿ ಅದನ್ನು ಕಿತ್ತು, ಮುದುರಿ, ಕಸದ ಬುಟ್ಟಿಗೆ ಎಸೆದಳು.

ಅದು ಹತ್ತಿಯ ಕಾಲ. ಮಿಲ್ಲು ಬೆಳಿಗ್ಗೆಯಿಂದ ಓಡುತ್ತಿತ್ತು. ಕಿಟಕಿ ಮುಚ್ಚಿದರೂ ನಮ್ಮ ಓಣಿಯ ಮನೆಗಳ ಒಳಗೆ ಹತ್ತಿಯ ಎಳೆ ತೇಲಾಡುತ್ತಿರುತ್ತದೆ, ಮಜ್ಜಿಗೆಯ ಪಾತ್ರೆ ತೆರೆದಿಟ್ಟರೆ ಅದರಲ್ಲೂ ಸಿಗುತ್ತದೆ. ಮಾರನೆಯ ದಿನ ನೋಡಿದರೆ ಮ್ಯಾಟಿನ ತುಂಬ ಬಿಳಿ ಗಡ್ಡ ಬೆಳೆದಿತ್ತು. ಅಂಟು ಎಲ್ಲಿದೆಯೆಂದು ಹುಡುಕಬೇಕಾಯಿತು. ಹುಡುಗಿ ಅಳುವುದೊಂದು ಬಾಕಿ. ನಾನು ಅದನ್ನು ಬಚ್ಚಲಿಗೆ ಒಯ್ದು, ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿದೆ. ಅರ್ಧ ಅಂಟು ಮರಳಿ ಬಂತು. ಅಂದಿನಿಂದ ಅವಳು ಮಷೀನಿಗಿಂತ ನನ್ನನ್ನೇ ಹೆಚ್ಚು ನಂಬಿದಳು. ನನಗೂ ಅದು ಬೇಕಾಗಿತ್ತು.

ಆದ್ದರಿಂದ ಮೊದಲು ಬೇಕಾದದ್ದು ಇನ್ನೊಂದು ಮ್ಯಾಟ್, ಮತ್ತು ಮುಚ್ಚುಹಾಳೆಯನ್ನು ಎಸೆಯದಿರುವ ಬುದ್ಧಿ. ಆಮೇಲೆ ಬ್ಲೇಡು. ಪೆಟ್ಟಿಗೆಯಲ್ಲಿ ಬರುವ ಒಂದನ್ನು ನೆಚ್ಚಿಕೊಂಡು ಕೂತರೆ ಕೆಲಸದ ನಡುವೆಯೇ ಮೊಂಡಾಗಿ ಮರ್ಯಾದೆ ತೆಗೆಯುತ್ತದೆ. ಸ್ಟಿಕ್ಕರಿನ ಹಾಳೆಯನ್ನು ದೂರದಿಂದ ತರಿಸುವ ಅಗತ್ಯವಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಆಟೊಗಳಿಗೆ ಹೆಸರು ಹಚ್ಚುವ ಅಂಗಡಿಗಳಲ್ಲಿ ರೇಡಿಯಂ ಎಂದು ಕೇಳಿದರೆ ಬೇಕಾದ ಬಣ್ಣದಲ್ಲಿ ಕೊಡುತ್ತಾರೆ. ಇಡೀ ಹಾಳೆ ಹಾಕುವ ಮೊದಲು ಮೂಲೆಯಲ್ಲಿ ಒಂದು ಸಣ್ಣ ಚೌಕ ಕತ್ತರಿಸಿ ನೋಡಬೇಕು. ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮೊದಮೊದಲು ಮಾಡಲಿಲ್ಲ, ಹಾಳಾದ ರೇಡಿಯಂ ಚೂರುಗಳು ಅಡುಗೆಮನೆಯ ಡಬ್ಬಿಗಳ ಮೇಲೆ ಈಗಲೂ ಅಂಟಿಕೊಂಡಿವೆ.

ಕತ್ತರಿಸಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ನನ್ನ ನಗು. ಬೇಡವಾದ ಭಾಗವನ್ನೆಲ್ಲ ಕಿತ್ತು ತೆಗೆಯಬೇಕು, ಅಕ್ಷರದ ಹೊಟ್ಟೆಯೊಳಗಿನ ಚೂರನ್ನು ಸಹ. ಅದಕ್ಕೆ ಸಣ್ಣ ಕೊಕ್ಕೆ ಸಿಗುತ್ತದೆ, ಸೀರೆಯ ಪಿನ್ನೂ ನಡೆಯುತ್ತದೆ. ಕತ್ತು ಬಗ್ಗಿಸಿ ಕೂತರೆ ಮಧ್ಯಾಹ್ನವಿಡೀ ಹೋಗುತ್ತದೆ. ಒತ್ತಿ ಉಜ್ಜಲು ಒಂದು ಗಟ್ಟಿ ಕಾರ್ಡು ಬೇಕು. ನಾನು ಉಪಯೋಗಿಸುವುದು ನನ್ನ ಗಂಡನ ಹಳೆಯ ಎಟಿಎಂ ಕಾರ್ಡನ್ನು, ಅದು ಈಗ ಬೇರೆ ಯಾವುದಕ್ಕೂ ಬರುವುದಿಲ್ಲ. ಕೊನೆಗೆ ಟ್ರಾನ್ಸ್‌ಫರ್ ಹಾಳೆ. ಅದನ್ನು ಅಕ್ಷರಗಳ ಮೇಲೆ ಹಚ್ಚಿ ಉಜ್ಜಿದರೆ ಇಡೀ ಹೆಸರು ಸಾಲು ತಪ್ಪದೆ ಅದಕ್ಕೆ ಹತ್ತಿಕೊಂಡು ಮೇಲೇಳುತ್ತದೆ. ಒಯ್ದು ಬೇಕಾದ ಕಡೆ ಒತ್ತಿ, ಮೇಲಿನ ಹಾಳೆಯನ್ನು ಮೆಲ್ಲಗೆ ಕಿತ್ತರೆ ಅಕ್ಷರ ಅಲ್ಲಿ ಉಳಿಯುತ್ತದೆ. ಅದರ ಅಂಟು ಜಾಸ್ತಿಯಾದರೆ ಸೆರಗಿಗೆ ಒಮ್ಮೆ ಅಂಟಿಸಿ ಕೀಳಬೇಕು, ಹದಕ್ಕೆ ಬರುತ್ತದೆ. ಇದು ಯಾವ ವಿಡಿಯೊದಿಂದ ಕಲಿತದ್ದಲ್ಲ, ನನ್ನ ಸೀರೆಯಿಂದಲೇ ಕಲಿತದ್ದು.

ಚಿಪ್ಪಗಿರಿ ಕಡೆಯ ಸಂಬಂಧ ಗಟ್ಟಿಯಾಯಿತು. ಹುಡುಗಿ ಕುಣಿದಾಡಿದಳು. ಬಿಂದಿಗೆಯ ಮೇಲೆ, ತೆಂಗಿನಕಾಯಿಯ ಮೇಲೆ, ಬೀಗರಿಗೆ ಕೊಡುವ ಡಬ್ಬಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಫಂಕ್ಷನ್ ಹಾಲಿನ ಸ್ಟೇಜಿನಲ್ಲಿ ಗಂಡು ಹೆಣ್ಣಿನ ಹಿಂದೆ ನಿಲ್ಲುವ ದೊಡ್ಡ ಬಿಳಿ ಬೋರ್ಡಿನ ಮೇಲೆ, ಬಂಗಾರ ಬಣ್ಣದ ಅಕ್ಷರ ಬೇಕು.

"ಎಲ್ಲಾ ನೀನ ಕಟ್ ಮಾಡ್ಬೇಕು ಪಿನ್ನಿ," ಎಂದಳು. "ಸ್ಟೇಜ್ ಮ್ಯಾಲಿನ ಹೆಸರು ಹಚ್ಚೋದೂ ನೀನ. ಬ್ಯಾರೆ ಯಾರೂ ಮುಟ್ಟಂಗಿಲ್ಲ. ಸರೇನಾ?"

"ನಿಮ್ಮವ್ವ ಏನಂತಾಳೋ."

"ಅವ್ವಗ ನಾ ಹೇಳ್ತೀನಿ. ನನ್ನ ಮದಿವಿ, ನನ್ನಿಷ್ಟ."

ಆ ಮಾತು ನನ್ನನ್ನು ಹಿಡಿಯಿತು. ಮುಚ್ಚಿಟ್ಟು ಏನು ಪ್ರಯೋಜನ? ನನಗೆ ಆಸೆ ಹುಟ್ಟಿತು. ಬಂದ ನೆಂಟರೆಲ್ಲ ನೋಡುತ್ತಿರುವಾಗ ಸ್ಟೇಜಿನ ಮೇಲೆ ನಿಂತು, ನಾನು ಬೆಳೆಸಿದ ಹುಡುಗಿಯ ಹೆಸರನ್ನು ನನ್ನ ಕೈಯಿಂದ ಹಚ್ಚಬೇಕು, ಆಮೇಲೆ ಅಲ್ಲೇ ಮುಂದೆ ಒಂದು ಕುರ್ಚಿಯಲ್ಲಿ ಕೂತು ಮದುವೆ ನೋಡಬೇಕು. ಇಷ್ಟೇ ನನ್ನ ಆಸೆ. ಗಂಡ ಹೋದಮೇಲೆ ಯಾವ ಮದುವೆಯನ್ನೂ ನಾನು ಮುಂದೆ ಕೂತು ನೋಡಿರಲಿಲ್ಲ. ಅಡುಗೆಯ ಕಡೆಯಿಂದಲೋ ಸಾಮಾನಿನ ಕೋಣೆಯಿಂದಲೋ ವಾಲಗ ಕೇಳಿದವಳು.

ಆ ದಿನಗಳಲ್ಲಿ ಅಕ್ಕ ಇದ್ದಕ್ಕಿದ್ದಂತೆ ನನ್ನ ಕೆಲಸದಲ್ಲಿ ಆಸಕ್ತಿ ತೋರಿಸತೊಡಗಿದಳು. ಅದಕ್ಕೆ ಮೊದಲು ಅವಳಿಗೆ ಮಷೀನೆಂದರೆ ಬ್ಲೇಡು, ಬ್ಲೇಡೆಂದರೆ ಶುಕ್ರವಾರ ಮುಟ್ಟಬಾರದ್ದು, ಅಮಾವಾಸ್ಯೆಗೆ ನೋಡಲೂಬಾರದ್ದು. ಈಗ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ನಾನು ಟ್ರಾನ್ಸ್‌ಫರ್ ಹಾಳೆ ಹಚ್ಚಿ ಒಂದು ಹೆಸರು ಎತ್ತಿದಾಗ ಬಗ್ಗಿ ನೋಡಿದಳು.

"ಈ ಹಾಳಿ ಹಚ್ಚಿದ್ರ ಅಕ್ಷರಕ್ಕ ಕೈ ತಾಗಂಗಿಲ್ಲೇನು?"

"ತಾಗಂಗಿಲ್ಲ ಅಕ್ಕ."

"ಒಂಚೂರೂ?"

"ಒಂಚೂರೂ ಇಲ್ಲ. ಬಟ್ಟು ತಾಗಿದ್ರ ಅಂಟು ಹೋಗತೈತಿ."

"ಹಂಗಾದ್ರ ಚಲೋ ಆತು ಬಿಡು," ಎಂದು ನಿಟ್ಟುಸಿರು ಬಿಟ್ಟು ಎದ್ದಳು.

ಇವಳಿಗೂ ಕಲಿಯುವ ಮನಸ್ಸು ಬಂತೆಂದು ನಾನು ಖುಷಿಪಟ್ಟೆ, ಪೆದ್ದಿ. ಆ ನಿಟ್ಟುಸಿರು ಯಾಕೆಂದು ತಿಳಿದದ್ದು ಹಾಲಹರವಿಯಿಂದ ಅವಳ ಸ್ವಂತ ಅಕ್ಕ ಮದುವೆ ಕೆಲಸಕ್ಕೆಂದು ಬಂದ ದಿನ. ಇಬ್ಬರೂ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ನಾನು ಒಳಗೆ ಕಿಟಕಿಯ ಹತ್ತಿರ ಕೊಕ್ಕೆ ಹಿಡಿದು ಕೂತಿದ್ದೆ.

"ಮದಿವಿ ಸಾಮಾನ ಆಕಿ ಕೈಲೆ ಮಾಡಸಾಕತ್ತೀಯಲ್ಲ?" ಎಂದಳು ಬಂದವಳು.

"ಆಕಿ ಎಲ್ಲಿ ಮಾಡ್ತಾಳ? ಮಷೀನ್ ಮಾಡತೈತಿ. ಆಕಿ ಬಟನ್ ಒತ್ತತಾಳ, ಅಷ್ಟ. ಅಕ್ಷರಕ್ಕ ಆಕಿ ಕೈ ಸೈತ ತಾಗಂಗಿಲ್ಲ, ಮ್ಯಾಲೊಂದು ಹಾಳಿ ಇರತೈತಿ. ನಾನ ಕೇಳಿ ನೋಡೀನಿ."

"ಹೌದೇನು? ಹಂಗಾದ್ರ ಪರವಾಗಿಲ್ಲ."

"ಹಚ್ಚೋದು ಐದು ಮಂದಿ ಮುತ್ತೈದೇರ ಕೈಲೆ ಹಚ್ಚಸ್ತೀನಿ. ಹುಡುಗಿಗೂ ಹೇಳೀನಿ."

ಮೈ ಉರಿದುಹೋಯಿತು. ಎದ್ದುಹೋಗಿ ಎಲ್ಲ ಅಕ್ಷರಗಳನ್ನೂ ಅಂಗೈಯಿಂದ ಒರೆಸಿಬಿಡಬೇಕು ಅನ್ನಿಸಿತು. ಕತ್ತು ನೋಯುವಂತೆ ಒಂದೊಂದು ಚೂರನ್ನು ಕಿತ್ತವಳು ನಾನು. ಕರೆಂಟು ಹೋಗಿ ಅರ್ಧಕ್ಕೆ ನಿಂತ ಹಾಳೆಯನ್ನು ಅಳತೆ ಹಿಡಿದು ಮತ್ತೆ ಹಾಕಿದವಳು ನಾನು. ಮಷೀನು ಮಾಡಿತಂತೆ! ಅಡುಗೆಯನ್ನು ಗ್ಯಾಸು ಮಾಡಿತು ಎಂದು ಇವಳಿಗೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದಳೇ? ಆದರೂ ನಾನು ಏಳಲಿಲ್ಲ. ಹುಡುಗಿಗೂ ಹೇಳಿದ್ದೇನೆ ಎಂಬ ಮಾತು ನನ್ನನ್ನು ಕೂರಿಸಿತು. ಅವಳು ಏನು ಉತ್ತರ ಕೊಟ್ಟಿರಬಹುದು? ಜಗಳ ಮಾಡಿರುತ್ತಾಳೆ, ಆ ದಿನ ಬಂದು ನನ್ನ ಕೈ ಹಿಡಿದು ಕರೆದೊಯ್ಯುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಉತ್ತರ ಗೊತ್ತಾಗಿಬಿಡುತ್ತದೆ ಎಂದು ಹೆದರಿದ್ದೆ.

ಮದುವೆಯ ಹಿಂದಿನ ದಿನ ಹುಡುಗಿಗೆ ಎಲ್ಲವನ್ನೂ ಜೋಡಿಸಿ ಕೊಟ್ಟೆ. ಬೋರ್ಡನ್ನು ಒಣಬಟ್ಟೆಯಿಂದ ಒರೆಸಬೇಕು, ಕೈಗೆ ಎಣ್ಣೆ ಇರಬಾರದು, ನೀರು ಇರಬಾರದು, ಮೇಲಿನಿಂದ ಕೆಳಕ್ಕೆ ಉಜ್ಜಬೇಕು ಎಂದು ಹೇಳಿದೆ. "ಸರೇ ಪಿನ್ನಿ, ಸರೇ," ಎನ್ನುತ್ತಾ ಮೆಹಂದಿಯ ಕೈಗಳನ್ನು ಗಾಳಿಯಲ್ಲಿ ಎತ್ತಿಕೊಂಡು ನಿಂತಿದ್ದಳು. ನೀನೇ ಹಚ್ಚು ಎಂದು ಅವಳು ಹೇಳಲಿಲ್ಲ. ಆದರೂ ನಾನು ಸ್ಟೇಜಿನ ಹೆಸರುಗಳ ಇನ್ನೊಂದು ಪ್ರತಿ ಕತ್ತರಿಸಿ ನನ್ನ ಚೀಲದಲ್ಲಿಟ್ಟುಕೊಂಡೆ. ಮುಖ್ಯವಾದ ಕೆಲಸಕ್ಕೆ ಯಾವಾಗಲೂ ಎರಡು ಪ್ರತಿ ಮಾಡಬೇಕು, ಹೊಸಬರು ಇದನ್ನು ಮರೆಯಬಾರದು.

ಬೆಳಿಗ್ಗೆ ಫಂಕ್ಷನ್ ಹಾಲಿನಲ್ಲಿ ನನಗೆ ಸಾಮಾನಿನ ಕೋಣೆ ಸಿಕ್ಕಿತು. ಬೆಳ್ಳಿ ಪಾತ್ರೆ, ಸೀರೆಯ ಪೆಟ್ಟಿಗೆ, ಬೀಗರಿಗೆ ಕೊಡುವ ಡಬ್ಬಿ, ಎಲ್ಲಕ್ಕೂ ಕಾವಲು ನಾನು. "ನಿನ್ನಷ್ಟು ನಂಬಿಕಸ್ತರು ನಮಗ ಯಾರದಾರ?" ಎಂದು ಅಕ್ಕ ಬೀಗದಕೈ ಕೊಟ್ಟು ಹೋದಳು. ಕುರ್ಚಿಯೊಂದು ಹಾಕಿಸಿದ್ದಳು, ಫ್ಯಾನೂ ಇತ್ತು. ಬಾಗಿಲು ತೆರೆದರೆ ಸ್ಟೇಜಿನ ಒಂದು ಮೂಲೆ ಕಾಣುತ್ತಿತ್ತು, ಬೋರ್ಡು ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಗದ್ದಲವೆದ್ದಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು, ಮುಖ ಬೆವರಿತ್ತು.

"ಲಗೂನ ಬಾ. ಅಕ್ಷರ ಎಲ್ಲಾ ಉದುರಾಕತ್ತಾವ."

"ಒಣಕೈಲೆ ಹಚ್ಚಿದ್ರಿಲ್ಲೋ?"

ಏನಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ನಮ್ಮಲ್ಲಿ ಮದುವೆಗೆ ಬಂದ ಯಾವ ಹೊಸ ವಸ್ತುವನ್ನೂ ನಾಲ್ಕು ಮೂಲೆಗೆ ಅರಿಶಿಣ ಹಚ್ಚದೆ ಬಳಸುವುದಿಲ್ಲ. ಸೀರೆಗೆ ಹಚ್ಚುತ್ತಾರೆ, ಲಗ್ನಪತ್ರಿಕೆಗೆ ಹಚ್ಚುತ್ತಾರೆ. ಐದು ಮುತ್ತೈದೆಯರು ಹಾಳೆಗಳನ್ನು ಬಿಚ್ಚಿ, ಅಂಟಿನ ಬದಿ ಮೇಲಿರುವಾಗಲೇ, ಹಸಿ ಅರಿಶಿಣವನ್ನು ಮೂಲೆಮೂಲೆಗೆ ಹಚ್ಚಿದ್ದರು. ಬೋರ್ಡಿಗೂ ಬಳಿದಿದ್ದರು. ಮದುಮಗಳಿಗೆ ಎಣ್ಣೆ ಅರಿಶಿಣ ಹಚ್ಚಿದ ಕೈಯನ್ನು ತೊಳೆಯದೆ ಅಕ್ಷರಗಳನ್ನು ಒತ್ತಿದ್ದರು. ಶುಭದ ಕೈ, ತೊಳೆಯಬಾರದಂತೆ. ಯಾವ ಅಂಟು ನಿಲ್ಲುತ್ತದೆ?

"ನಾ ಬಂದು ಹಚ್ಚಿದ್ರ ನಡೀತೈತೇನು ಅಕ್ಕ?" ಎಂದು ಬೇಕೆಂದೇ ಕೇಳಿದೆ.

"ಅವರ ಯಾರ ಕೈಯಾಗೂ ನಿಲ್ಲಾಕತ್ತಿಲ್ಲ," ಎಂದಳು ಅಕ್ಕ ನೆಲ ನೋಡುತ್ತಾ. "ನಿನ್ನ ಕೈಗೆ ಅರಿಶಿಣ ಇಲ್ಲಲ್ಲ, ಅದಕ್ಕ ಕರ್ಯಾಕತ್ತೀನಿ."

ಇಡೀ ಹಾಲಿನಲ್ಲಿ ಅರಿಶಿಣ ಮುಟ್ಟದ ಹೆಂಗಸಿನ ಕೈ ನನ್ನದೊಂದೇ ಇತ್ತು. ನನ್ನನ್ನು ಹಿಂದೆ ಕೂರಿಸಿದ್ದು ಯಾವ ಕಾರಣಕ್ಕೋ, ಮುಂದೆ ಕರೆದದ್ದೂ ಅದೇ ಕಾರಣಕ್ಕೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಲ ತೆಗೆದುಕೊಂಡು ಹೋದೆ.

ಸ್ಟೇಜಿನ ಮೇಲೆ ಐವರೂ ದಾರಿ ಬಿಟ್ಟು ನಿಂತರು. ಉದುರಿದ ಅಕ್ಷರಗಳು ಕಾರ್ಪೆಟ್ಟಿನ ಮೇಲೆ ಮುದುರಿ ಬಿದ್ದಿದ್ದವು. ಒದ್ದೆ ಬಟ್ಟೆಯಿಂದ ಅರಿಶಿಣ ಒರೆಸಿದೆ, ಒಣಬಟ್ಟೆಯಿಂದ ಮತ್ತೆ ಒರೆಸಿದೆ, ಆರಲು ಬಿಟ್ಟೆ. ಚೀಲದ ಪ್ರತಿಯನ್ನು ಬಿಚ್ಚಿ ಮೊದಲು ಅವಳ ಹೆಸರನ್ನು ಇಟ್ಟು, ಮೇಲಿನಿಂದ ಕೆಳಕ್ಕೆ ಕಾರ್ಡಿನಿಂದ ಉಜ್ಜಿದೆ. ಟ್ರಾನ್ಸ್‌ಫರ್ ಹಾಳೆಯನ್ನು ಮೂಲೆಯಿಂದ ಮೆಲ್ಲಗೆ ಕೀಳುತ್ತಿದ್ದಂತೆ ಬಂಗಾರದ ಅಕ್ಷರಗಳು ಒಂದೊಂದಾಗಿ ಬೋರ್ಡಿನ ಮೇಲೆ ನಿಂತವು. ನೋಡುತ್ತಿದ್ದವರಲ್ಲಿ ಯಾರೋ ವಾಹ್ ಎಂದರು. ಎರಡನೆಯ ಹೆಸರನ್ನೂ ಹಚ್ಚಿದೆ. ಆಮೇಲೆ, ಎಲ್ಲರಿಗೂ ಕಾಣುವಂತೆಯೇ, ಅಂಗೈಯನ್ನು ಹುಡುಗಿಯ ಹೆಸರಿನ ಮೇಲಿಟ್ಟು ಪೂರ್ತಿ ಒತ್ತಿದೆ. ಅಷ್ಟು ಹೊತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಂತೋಷವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದೆ.

ಹಿಂದೆ ಬಳೆಯ ಸದ್ದಾಯಿತು. ಹುಡುಗಿ ರೇಷ್ಮೆ ಸೀರೆಯಲ್ಲಿ, ಬಾಸಿಂಗ ಕಟ್ಟುವುದಕ್ಕೆ ಮೊದಲು, ನೋಡಲೆಂದು ಬಂದಿದ್ದಳು. ನನಗೆ ಅವಳನ್ನು ಕಂಡು ಕಣ್ಣು ತುಂಬಿತು. ಮುಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದವು. ಕೂರು ಎಂದು ಒಂದು ಮಾತು ಅವಳು ಹೇಳಿದ್ದರೆ ಅವಳಮ್ಮ ಬಾಯಿ ತೆರೆಯುತ್ತಿರಲಿಲ್ಲ. ಆ ದಿನ ಅವಳ ಮಾತನ್ನು ಯಾರೂ ತೆಗೆದುಹಾಕುವಂತಿರಲಿಲ್ಲ.

"ಭಾಳ ಚಲೋ ಬಂದೈತಿ ಪಿನ್ನಿ," ಎಂದಳು. ಬಾಗಿಲ ಕಡೆ ನೋಡಿದಳು. ಹೊರಗೆ ಬ್ಯಾಂಡಿನವರು ಶುರುಮಾಡಿದ್ದರು. "ಗಂಡಿನ ಕಡ್ಯಾರು ಬಂದ್ರಂತ. ಮುಗೀತಲ್ಲ? ಇನ್ನ ಒಳಗ ಹೋಗ್ರಿ."

ಹುಟ್ಟಿದಾಗಿನಿಂದ ನನ್ನನ್ನು ನೀ ಎಂದವಳು. ಆ ದಿನ ಮೊದಲ ಸಲ ಮರ್ಯಾದೆ ಕೊಟ್ಟಳು.

"ಆತವ್ವ," ಎಂದು ಚೀಲ ಎತ್ತಿಕೊಂಡೆ. ಇಳಿದು ಬರುವಾಗ ಫೋಟೊದವನು, "ಕೊಂಚಂ ಪಕ್ಕಕು ರಾಂಡಿ ಅಮ್ಮಾ," ಎಂದು ತೆಲುಗಿನಲ್ಲಿ ಪಕ್ಕಕ್ಕೆ ಸರಿಯಲು ಹೇಳಿದ. ಪಾಪ, ಅವನಿಗೇನು ಗೊತ್ತು, ಅವನ ಕೆಲಸ ಅವನು ಮಾಡಿದ. ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ತಾಳಿ ಕಟ್ಟುವ ವಾಲಗ ಕೇಳಿಸಿತು, ಕೋಣೆಯೊಳಗೇ ನಾಲ್ಕು ಅಕ್ಷತೆ ಎಸೆದೆ.

ಅಕ್ಕನನ್ನು ನಾನು ಕ್ಷಮಿಸಿದ್ದೇನೆ ಎಂದು ಹೇಳಬಲ್ಲೆ. ಅವಳು ಕಲಿತದ್ದೇ ಅದು, ಬೇರೆ ಏನನ್ನೂ ಯಾರೂ ಅವಳಿಗೆ ಕಲಿಸಲಿಲ್ಲ. ಆದರೆ ಹುಡುಗಿಗೆ ಕಲಿಸಿದವಳು ನಾನು. ಅವಳು ಓದಿದವಳು, ಫೋನಿನಲ್ಲಿ ಹೆಂಗಸರ ದಿನಕ್ಕೆ ಉದ್ದುದ್ದ ಬರೆದು ಹಾಕುವವಳು. ಅವಳನ್ನು ಕ್ಷಮಿಸಲು ನನ್ನಿಂದ ಆಗಿಲ್ಲ, ಆಗಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಮಷೀನನ್ನು ಅವಳು ಗಂಡನ ಮನೆಗೆ ಒಯ್ಯಲಿಲ್ಲ. ಈಗ ಅದು ನನ್ನ ಕೋಣೆಯಲ್ಲಿದೆ. ಅಂಗಡಿಗಳ ಗಾಜಿಗೆ, ಶಾಲೆಗಳ ಬಾಗಿಲಿಗೆ, ಟ್ರ್ಯಾಕ್ಟರುಗಳಿಗೆ ಹೆಸರು ಕತ್ತರಿಸುತ್ತೇನೆ. ಟ್ರ್ಯಾಕ್ಟರಿನವರು ನನ್ನ ಹಣೆ ನೋಡುವುದಿಲ್ಲ, ಅಕ್ಷರ ನೇರವಿದೆಯೇ ಎಂದು ಮಾತ್ರ ನೋಡುತ್ತಾರೆ. ಮೊನ್ನೆ ಹಾಗೆ ಕೆಲಸ ಮಾಡುತ್ತಾ ಕೂತಿದ್ದಾಗ ಫೋನಿಗೆ ಅವಳ ಮೆಸೇಜು ಬಂತು. ಮೈದುನನ ಮದುವೆ ಗೊತ್ತಾಗಿದೆ, ಸ್ಟೇಜಿಗೆ ಹೆಸರು ಬೇಕು, ಬಂಗಾರ ಬಣ್ಣದ್ದೇ. ಕೆಳಗೆ ಅಳತೆ ಬರೆದಿದ್ದಳು. ಅದರ ಕೆಳಗೆ: "ಟ್ರಾನ್ಸ್‌ಫರ್ ಹಾಳಿ ಹಚ್ಚೇ ಬಸ್ಸಿಗೆ ಹಾಕ್ರಿ ಪಿನ್ನಿ. ಹಚ್ಚಾಕ ನೀವು ಬರೋದು ಬ್ಯಾಡ. ಕೈ ತೊಳಕೊಂಡು ಹಚ್ಬೇಕಂತ ಈಗ ನಮಗ ಗೊತ್ತಾಗೇತಿ."

ನಾನು ಎರಡು ಸಲ ಓದಿದೆ. "ಮಾಡಂಗಿಲ್ಲವ್ವ," ಎಂದು ಬರೆದೆ.

ಕೂಡಲೇ ಉತ್ತರ ಬಂತು. "ಯಾಕ್ರಿ ಪಿನ್ನಿ, ಮಷೀನ್ ಕೆಟ್ಟೈತೇನ್ರಿ?"

ಬೇರೆ ಯಾವ ಕಾರಣವೂ ಅವಳಿಗೆ ಹೊಳೆದಿರಲಿಲ್ಲ. "ಮಷೀನ್ ಚಲೋ ಐತಿ," ಎಂದು ಬರೆದು ಕಳಿಸಿದೆ.